ಏಳಡಿಯ ಹುಡುಗ ಬೇಕಾಗಿದ್ದಾನೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ವರ್ಷಕ್ಕೊಮ್ಮೆ ಒಂದು ವಿಚಿತ್ರ ಪಂದ್ಯ ನಡೆಯುತ್ತದೆ. ಅದರಲ್ಲಿ ಚೆಂಡಿಲ್ಲ, ಬುಟ್ಟಿಯಿಲ್ಲ, ರೆಫರಿಯಿಲ್ಲ, ಬೆವರಂತೂ ಇಲ್ಲವೇ ಇಲ್ಲ. ಸೂಟು ತೊಟ್ಟ ಉದ್ದುದ್ದ ಹುಡುಗರು ಅಪ್ಪ ಅಮ್ಮನ ಜೊತೆ ಮೇಜುಗಳ ಸುತ್ತ ಕೂತಿರುತ್ತಾರೆ. ಲೀಗಿನ ಕಮಿಷನರ್ ವೇದಿಕೆಗೆ ಬಂದು ಒಂದು ಹೆಸರು ಓದುತ್ತಾರೆ. ಹೆಸರಿನ ಹುಡುಗ ಎದ್ದು, ಅಮ್ಮನನ್ನು ತಬ್ಬಿ, ತಂಡದ ಟೋಪಿ ಹಾಕಿಕೊಂಡು, ಕಮಿಷನರ್ ಕೈಕುಲುಕಿ ಫೋಟೊಕ್ಕೆ ನಿಲ್ಲುತ್ತಾನೆ. ಐದು ನಿಮಿಷ ಬಿಟ್ಟು ಇನ್ನೊಬ್ಬ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಬೆಂಗಳೂರಿನಲ್ಲೂ ಇದನ್ನು ನೋಡಲು ಬೆಳಗಿನ ಐದೂವರೆಗೆ ಅಲಾರಂ ಇಟ್ಟು ಏಳುವವರಿದ್ದಾರೆ. ಸ್ವಂತ ಮದುವೆಯ ಮುಹೂರ್ತಕ್ಕೂ ಅಷ್ಟು ಹೊತ್ತಿಗೆ ಎದ್ದವರಲ್ಲ.

ಪಂದ್ಯಕ್ಕಿಂತ ಈ ಆಯ್ಕೆಯೇ ಜನಕ್ಕೆ ಪ್ರಿಯವಾಗಲು ಕಾರಣವಿದೆ. ಅಂಗಳದಲ್ಲಿ ಸೋತರೆ ಸ್ಕೋರ್‌ಬೋರ್ಡ್ ಅಲ್ಲೇ ಎಲ್ಲರ ಎದುರು ಹೇಳಿಬಿಡುತ್ತದೆ, ಮುಚ್ಚಿಡಲು ಬರುವುದಿಲ್ಲ. ‘ಈ ಹುಡುಗನನ್ನೇ ಆರಿಸಬೇಕು’ ಎಂಬ ವಾದದಲ್ಲಿ ಸೋತದ್ದು ಗೊತ್ತಾಗಬೇಕಾದರೆ ಐದು ವರ್ಷ ಬೇಕು. ಅಷ್ಟರಲ್ಲಿ ವಾದಿಸಿದವನಿಗೆ ತಾನೇನು ಹೇಳಿದ್ದೆ ಎಂಬುದು ಮರೆತಿರುತ್ತದೆ. ಅಥವಾ, ಇನ್ನೂ ಅನುಕೂಲವಾಗಿ, ತಾನು ಹೇಳದೇ ಇದ್ದದ್ದು ನೆನಪಿಗೆ ಬಂದಿರುತ್ತದೆ. ಮೈಕೆಲ್ ಜೋರ್ಡನ್ ದೊಡ್ಡವನಾಗುತ್ತಾನೆಂದು 1984ರಲ್ಲೇ ತಿಳಿದಿದ್ದವರ ಸಂಖ್ಯೆ ಪ್ರತಿವರ್ಷ ಏರುತ್ತಲೇ ಇದೆ. ಆಗ ಹುಟ್ಟದೇ ಇದ್ದವರೂ ಈಗ ಆ ಪಟ್ಟಿಯಲ್ಲಿದ್ದಾರೆ.

ಆಟಗಾರರ ಹಂಚಿಕೆ ಎಂದ ಕೂಡಲೇ ನಮಗೆ ನೆನಪಾಗುವುದು ಐಪಿಎಲ್ ಹರಾಜು. ಅಲ್ಲಿ ದುಡ್ಡಿದ್ದವನು ಕೈ ಎತ್ತುತ್ತಾನೆ; ಆಯ್ಕೆ ಕೆಟ್ಟರೆ ಇಷ್ಟು ಕೋಟಿ ಹೊಳೆಗೆ ಹೋಯಿತು ಎಂದು ಬೈಯಲು ಒಂದು ಲೆಕ್ಕವಾದರೂ ಸಿಗುತ್ತದೆ. ಎನ್‌ಬಿಎ ಡ್ರಾಫ್ಟಿನಲ್ಲಿ ಹರಾಜಿಲ್ಲ. ಮೊದಲ ಸುತ್ತಿನ ಹುಡುಗರಿಗೆ ಸರದಿಗೆ ತಕ್ಕಂತೆ ಸಂಬಳ ಮೊದಲೇ ಗೊತ್ತಾಗಿದೆ. ಯಾವ ಊರಿಗೆ ಹೋಗಬೇಕೆಂದು ಹುಡುಗನನ್ನು ಯಾರೂ ಕೇಳುವುದಿಲ್ಲ. ಇಲ್ಲಿಯ ಬಂಡವಾಳ ಸೋಲು: ಹಿಂದಿನ ಸೀಸನ್ನಿನಲ್ಲಿ ಯಾರು ಹೆಚ್ಚು ಸೋತಿದ್ದಾರೋ ಅವರಿಗೆ ಮೊದಲು ಆರಿಸುವ ಅವಕಾಶ ಹೆಚ್ಚು. ಹಸಿದವನಿಗೆ ಮೊದಲ ತುತ್ತು ಎಂಬ ಸಮಾಜವಾದ ಜಗತ್ತಿನಲ್ಲಿ ಎಲ್ಲಾದರೂ ಅಕ್ಷರಶಃ ಜಾರಿಯಲ್ಲಿದ್ದರೆ ಅದು ಅಮೆರಿಕದಲ್ಲಿ, ಮೂವತ್ತು ತಂಡಗಳ ಕುಬೇರ ಮಾಲೀಕರ ನಡುವೆ.

ಕಚೇರಿ ಮೆಟ್ಟಿಲು ಹತ್ತಿದವರ ಬಗ್ಗೆ ನಮ್ಮಲ್ಲಿ ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯಿದೆ. ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಅದಕ್ಕೊಂದು ತಿದ್ದುಪಡಿಯಾಗಿದೆ: ಸೋತವ ಗೆದ್ದ. ಇದನ್ನು ಶಾಸ್ತ್ರೋಕ್ತವಾಗಿ ಅರ್ಥಮಾಡಿಕೊಂಡವರು ಫಿಲಡೆಲ್ಫಿಯಾದ ಸ್ಯಾಮ್ ಹಿಂಕಿ. 2013ರಲ್ಲಿ ಸೆವೆಂಟಿಸಿಕ್ಸರ್ಸ್ ತಂಡದ ಚುಕ್ಕಾಣಿ ಹಿಡಿದ ಅವರು, ಸಾಧಾರಣವಾಗಿ ಸೋಲುವುದರಿಂದ ಏನೂ ಪ್ರಯೋಜನವಿಲ್ಲ, ಸೋತರೆ ಘನವಾಗಿ ಸೋಲಬೇಕು ಎಂದು ಲೆಕ್ಕ ಹಾಕಿದರು. ಮೊದಲ ಸೀಸನ್ನಿನಲ್ಲೇ ಸಾಲಾಗಿ 26 ಪಂದ್ಯ ಸೋತಾಯಿತು. 2015–16ರಲ್ಲಿ 82 ಪಂದ್ಯಗಳಲ್ಲಿ ಹತ್ತನ್ನು ಹೇಗೋ ತಪ್ಪಿ ಗೆದ್ದು 72 ಸೋತರು. ಅಭಿಮಾನಿಗಳು ಇದಕ್ಕೆ ‘ಪ್ರೋಸೆಸ್’ ಎಂದು ಹೆಸರಿಟ್ಟು, ಟಿಕೆಟ್ಟು ಕೊಂಡು ಬಂದು, ಸೋಲಿಗೆ ಚಪ್ಪಾಳೆ ತಟ್ಟಿದರು. 2016ರ ಏಪ್ರಿಲಿನಲ್ಲಿ ಹಿಂಕಿ ರಾಜೀನಾಮೆ ಕೊಟ್ಟರು, 13 ಪುಟಗಳದ್ದು. ಅಬ್ರಹಾಂ ಲಿಂಕನ್, ವಾರನ್ ಬಫೆಟ್ ಎಲ್ಲರೂ ಅದರಲ್ಲಿ ಬಂದು ಹೋಗುತ್ತಾರೆ. ‘ವೈಯಕ್ತಿಕ ಕಾರಣಗಳಿಂದ’ ಎಂಬ ಎರಡು ಪದದಲ್ಲಿ ಕೆಲಸ ಮುಗಿಸುವ ನಮ್ಮವರು ಕಲಿಯಬೇಕಾದದ್ದು ಇನ್ನೂ ಬಹಳ ಇದೆ.

ಬೇಕೆಂದೇ ಸೋಲುವವರಿಗೆ ಕಡಿವಾಣ ಹಾಕಲು ಲೀಗು 1985ರಲ್ಲೇ ಲಾಟರಿ ತಂದಿತ್ತು. ಯಂತ್ರದಲ್ಲಿ ಹದಿನಾಲ್ಕು ಪಿಂಗ್‌ಪಾಂಗ್ ಚೆಂಡು ಹಾಕಿ ನಾಲ್ಕನ್ನು ತೆಗೆಯುತ್ತಾರೆ. ಬರಬಹುದಾದ 1,001 ಜೋಡಣೆಗಳಲ್ಲಿ ಒಂದನ್ನು ಬಿಟ್ಟು ಸಾವಿರವನ್ನು ಪ್ಲೇಆಫ್ ತಲುಪದ ತಂಡಗಳಿಗೆ ಹಂಚಿರುತ್ತಾರೆ. 2019ರಲ್ಲಿ ನಿಯಮ ಇನ್ನಷ್ಟು ಬಿಗಿಯಾಗಿ, ಅತಿ ಕಳಪೆಯ ಮೂರು ತಂಡಗಳಿಗೂ ಸಮನಾಗಿ ಶೇ. 14ರ ಅವಕಾಶ ಬಂತು. 2025ರಲ್ಲಿ ಏನಾಯಿತೆಂದು ನೋಡಿ. ಡಲ್ಲಾಸ್ ಮ್ಯಾವೆರಿಕ್ಸ್ ಆ ಫೆಬ್ರುವರಿಯಲ್ಲಿ ತನ್ನ ಕಣ್ಮಣಿ ಲುಕಾ ಡಾಂಚಿಚ್‌ನನ್ನು ಲಾಸ್ ಏಂಜಲಿಸ್‌ಗೆ ಸಾಗಹಾಕಿತ್ತು. ಮ್ಯಾನೇಜರ್ ನಿಕೊ ಹ್ಯಾರಿಸನ್ ಅವರನ್ನು ಕಿತ್ತುಹಾಕಿ ಎಂದು ಊರಿಗೆ ಊರೇ ಕೂಗುತ್ತಿತ್ತು. ಮೇ ತಿಂಗಳಲ್ಲಿ ಚೆಂಡುಗಳು ಉರುಳಿ, ಶೇ. 1.8ರ ಅವಕಾಶವಿದ್ದ ಡಲ್ಲಾಸಿಗೇ ಮೊದಲ ಸರದಿ ಬಂತು. ಎಲ್ಲರೂ ಬಯಸುತ್ತಿದ್ದ ಕೂಪರ್ ಫ್ಲಾಗ್ ಡಲ್ಲಾಸಿನ ಮಡಿಲಿಗೆ ಬಿದ್ದ. ತಲೆಗೆ ಹೊಡೆದುಕೊಂಡವನಿಗೆ ನೋಬೆಲ್ ಬಂದ ಹಾಗಾಯಿತು. ಆ ಅದೃಷ್ಟವೂ ಹ್ಯಾರಿಸನ್‌ರ ಕುರ್ಚಿ ಉಳಿಸಲಿಲ್ಲ, ನವೆಂಬರಿನಲ್ಲಿ ಅವರನ್ನು ಮನೆಗೆ ಕಳಿಸಿದರು. ಆ ವರ್ಷ ನಿಜಕ್ಕೂ ನಷ್ಟವಾದದ್ದು ಪಂಡಿತರಿಗೆ. ಮೊದಲ ಹೆಸರು ಯಾರದೆಂದು ಎಲ್ಲರಿಗೂ ಗೊತ್ತಿದ್ದರೆ ಅವರಿಗೆ ಹೊಟ್ಟೆಪಾಡಿನ ಗತಿಯೇನು?

ಈ ಪಂಡಿತರ ಕಸುಬು ‘ಮಾಕ್ ಡ್ರಾಫ್ಟ್’, ಅಂದರೆ ಯಾವ ತಂಡ ಯಾರನ್ನು ಆರಿಸುತ್ತದೆಂದು ಮುಂಚೆಯೇ ಪಟ್ಟಿ ಮಾಡುವುದು. ನವೆಂಬರಿನಲ್ಲಿ ಒಂದು ಪಟ್ಟಿ, ಜನವರಿಯಲ್ಲಿ ಒಂದು, ಮಾರ್ಚಿನಲ್ಲಿ ಕಾಲೇಜು ಪಂದ್ಯಾವಳಿ ನೋಡಿ ಇನ್ನೊಂದು, ಕೊನೆಯದು ಡ್ರಾಫ್ಟಿನ ಮಧ್ಯಾಹ್ನ, ತಂಡಗಳೊಳಗಿನಿಂದ ಸೋರಿಬಂದ ಸುದ್ದಿ ಆಧರಿಸಿ. ಕೊನೆಯದು ಸರಿಹೋದರೆ ‘ನಾನು ಹೇಳಲಿಲ್ಲವೇ’ ಎನ್ನಬಹುದು. ಮರುದಿನ ಬೆಳಗ್ಗೆ ಮುಂದಿನ ವರ್ಷದ ಪಟ್ಟಿ ಶುರು. ಅದರಲ್ಲಿರುವ ಹುಡುಗರಲ್ಲಿ ಕೆಲವರು ಇನ್ನೂ ಹೈಸ್ಕೂಲಿನ ಸರ್ಟಿಫಿಕೇಟು ತಂದಿರುತ್ತಾರಷ್ಟೆ. ಜಾತಕ ಬರೆಯುವ ಜೋಯಿಸರು ಹುಟ್ಟಿದ ಗಳಿಗೆ ಕೇಳಿದರೆ ಇವರು ತೋಳಿನ ಅಳತೆ ಕೇಳುತ್ತಾರೆ. ಮೇ ತಿಂಗಳಲ್ಲಿ ಷಿಕಾಗೊದಲ್ಲಿ ಸೇರುವ ‘ಕಂಬೈನ್’ ಎಂಬ ಶಿಬಿರದಲ್ಲಿ ಬೂಟು ಬಿಚ್ಚಿಸಿ ಎತ್ತರ, ಎರಡೂ ಕೈ ಚಾಚಿಸಿ ಬೆರಳತುದಿಯಿಂದ ಬೆರಳತುದಿಗೆ ಅಗಲ, ನಿಂತಲ್ಲಿಂದ ಎಷ್ಟು ಜಿಗಿಯುತ್ತಾನೆ ಎಲ್ಲವನ್ನೂ ಕಾಲಂಗುಲ ಬಿಡದೆ ಅಳೆಯುತ್ತಾರೆ. ಬುಟ್ಟಿಗೆ ಚೆಂಡು ಹಾಕುತ್ತಾನೋ ಎಂಬುದು ಇದ್ದೇ ಇದೆ, ಅದನ್ನೂ ಬಿಡುವಾದಾಗ ನೋಡುತ್ತಾರೆ.

ಈ ಅಳತೆಪಟ್ಟಿಯ ಮಹಿಮೆ ತಿಳಿಯಬೇಕಾದರೆ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಹೋಗಬೇಕು. ಅಲ್ಲಿಯ ಟ್ರೇಲ್ ಬ್ಲೇಜರ್ಸ್ ತಂಡಕ್ಕೆ ಎತ್ತರದ ಹುಡುಗರೆಂದರೆ ಮೊದಲಿನಿಂದ ಪ್ರಾಣ. 1972ರಲ್ಲಿ ಮೊದಲ ಸರದಿ ಸಿಕ್ಕಾಗ ಆರಡಿ ಹನ್ನೊಂದಂಗುಲದ ಲರೂ ಮಾರ್ಟಿನ್‌ನನ್ನು ಆರಿಸಿದರು. ಎರಡನೆಯವನಾಗಿ ಬಫಲೊ ಸೇರಿದ ಬಾಬ್ ಮೆಕ್ಯಾಡೂ ಮೂರು ವರ್ಷದಲ್ಲಿ ಲೀಗಿನ ಶ್ರೇಷ್ಠ ಆಟಗಾರ ಎನಿಸಿಕೊಂಡ. 1974ರಲ್ಲಿ ಮತ್ತೆ ಮೊದಲ ಸರದಿ, ಮತ್ತೆ ಎತ್ತರದವನು: ಬಿಲ್ ವಾಲ್ಟನ್. ಈ ಸಲ ಕಲ್ಲು ತಾಗಿ ಮಾವಿನಹಣ್ಣು ಉದುರಿತು, 1977ರಲ್ಲಿ ತಂಡ ಚಾಂಪಿಯನ್ ಆಯಿತು. ಆ ಒಂದು ಹಣ್ಣಿನ ರುಚಿ ಅದನ್ನು ಇಂದಿಗೂ ಬಿಟ್ಟಿಲ್ಲ. 1978ರಲ್ಲಿ ಮತ್ತೊಮ್ಮೆ ಮೊದಲ ಸರದಿ ಬಂದಾಗ ಆರಡಿ ಹತ್ತಂಗುಲದ ಮೈಕಲ್ ಥಾಂಪ್ಸನ್‌ನನ್ನು ತೆಗೆದುಕೊಂಡರು. ಒಳ್ಳೆಯ ಆಟಗಾರನೇ. ಆದರೆ ಆರನೆಯವನಾಗಿ ಬೋಸ್ಟನ್ ಪಾಲಾದವನ ಹೆಸರು ಲ್ಯಾರಿ ಬರ್ಡ್. ಅವನನ್ನು ಬೇಡವೆಂದದ್ದಕ್ಕೆ ಕಾರಣವೂ ಇತ್ತು: ಅವನು ಇನ್ನೊಂದು ವರ್ಷ ಕಾಲೇಜಿನಲ್ಲೇ ಆಡುವವನಿದ್ದ. ಒಂದು ವರ್ಷ ಯಾರು ಕಾಯುತ್ತಾರೆ? ಪೋರ್ಟ್‌ಲ್ಯಾಂಡ್ ಮುಂದಿನ ಚಾಂಪಿಯನ್ ಪಟ್ಟಕ್ಕಾಗಿ ದಶಕಗಟ್ಟಲೆ ಕಾಯಲು ಸಿದ್ಧವಿತ್ತು, ಒಂದು ವರ್ಷ ಮಾತ್ರ ಆಗಲಿಲ್ಲ.

ಆಮೇಲೆ ಬಂತು 1984. ಮೊದಲ ಸರದಿ ಹ್ಯೂಸ್ಟನ್ನಿನದು, ಅವರು ಹಕೀಮ್ ಒಲಾಜುವಾನ್‌ನನ್ನು ಆರಿಸಿದರು. ಅದರ ಬಗ್ಗೆ ಯಾರದೂ ತಕರಾರಿಲ್ಲ. ಎರಡನೆಯದು ಪೋರ್ಟ್‌ಲ್ಯಾಂಡಿನದು. ಮುಂದೆ ಇಬ್ಬರಿದ್ದರು. ಒಬ್ಬ ಏಳಡಿ ಒಂದಂಗುಲದ ಸ್ಯಾಮ್ ಬೋವಿ, ಎಡಗಾಲಿನ ಮೂಳೆ ಬಿರಿದು ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಎರಡು ಸೀಸನ್ ಪೂರ್ತಿ ಕೂತಿದ್ದವನು. ಇನ್ನೊಬ್ಬ ಆರಡಿ ಆರಂಗುಲದ ಜೋರ್ಡನ್. ವಾದ ಬಹಳ ತರ್ಕಬದ್ಧವಾಗಿತ್ತು. ಜೋರ್ಡನ್ ಆಡುವ ಜಾಗದಲ್ಲಿ ಆಗಲೇ ಜಿಮ್ ಪ್ಯಾಕ್ಸನ್ ಇದ್ದ, ಹಿಂದಿನ ವರ್ಷ ಆರಿಸಿದ ಕ್ಲೈಡ್ ಡ್ರೆಕ್ಸ್ಲರ್ ಇದ್ದ. ಇಲ್ಲದೇ ಇದ್ದದ್ದು ಸೆಂಟರ್, ಅಂದರೆ ಬುಟ್ಟಿಯ ಬುಡದಲ್ಲಿ ಆಡುವ ಎತ್ತರದವನು. ಮನೆಯಲ್ಲಿ ಅಕ್ಕಿ ಇದೆ, ಬೇಳೆ ಇಲ್ಲ, ಬೇಳೆ ತಂದರು. ಆ ವರ್ಷ ಒಲಿಂಪಿಕ್ಸ್ ತಂಡಕ್ಕೆ ಕೋಚ್ ಆಗಿದ್ದ ಬಾಬ್ ನೈಟ್, ಜೋರ್ಡನ್‌ನನ್ನೇ ತೆಗೆದುಕೊಳ್ಳಿ ಎಂದು ಪೋರ್ಟ್‌ಲ್ಯಾಂಡಿನ ಮ್ಯಾನೇಜರ್ ಸ್ಟೂ ಇನ್ಮನ್ ಅವರಿಗೆ ಹೇಳಿದರಂತೆ. ನಮಗೆ ಸೆಂಟರ್ ಬೇಕಲ್ಲ ಎಂದರಂತೆ ಇವರು. ಹಾಗಾದರೆ ಅವನನ್ನೇ ಸೆಂಟರ್ ಜಾಗದಲ್ಲಿ ಆಡಿಸಿ ಎಂದರಂತೆ ಅವರು. ಕತೆ ಎಷ್ಟು ನಿಜವೋ, ಬಾಸ್ಕೆಟ್‌ಬಾಲ್ ಪ್ರಪಂಚ ಅದನ್ನು ನಲವತ್ತು ವರ್ಷದಿಂದ ಪುರಾಣದಂತೆ ಪಾರಾಯಣ ಮಾಡುತ್ತಿದೆ.

ಪುರಾಣದಲ್ಲಿ ಬಿಟ್ಟುಹೋದ ಅಧ್ಯಾಯವೊಂದಿದೆ. ಮೂರನೆಯವನಾಗಿ ಜೋರ್ಡನ್ ಸಿಕ್ಕಾಗ ಷಿಕಾಗೊ ಬುಲ್ಸ್ ಏನೂ ಹಬ್ಬ ಮಾಡಲಿಲ್ಲ. ಅವರ ಮ್ಯಾನೇಜರ್ ರಾಡ್ ಥಾರ್ನ್, ಹುಡುಗ ಏಳಡಿ ಇದ್ದಿದ್ದರೆ ಚೆನ್ನಾಗಿತ್ತು, ಇವನೊಬ್ಬನಿಂದ ತಂಡದ ಹಣೆಬರಹ ಬದಲಾಗದು ಎಂಬರ್ಥದ ಮಾತಾಡಿದ್ದರು. ಅಂದರೆ ಗೆದ್ದವರೂ ತಾವೇನು ಗೆದ್ದೆವೆಂದು ತಿಳಿದು ಗೆದ್ದವರಲ್ಲ. ಪೋರ್ಟ್‌ಲ್ಯಾಂಡಿನ ಸರದಿ ಷಿಕಾಗೊದ್ದಾಗಿದ್ದರೆ ಬೋವಿ ಅಲ್ಲಿಗೆ ಹೋಗುತ್ತಿದ್ದನೋ ಏನೋ. ಮುಂದೆ ಜೋರ್ಡನ್ ಆರು ಚಾಂಪಿಯನ್ ಪಟ್ಟ ಗೆದ್ದ. ಷಿಕಾಗೊದವರು ದಾರ್ಶನಿಕರಾದರು, ಪೋರ್ಟ್‌ಲ್ಯಾಂಡಿನವರು ಮೂರ್ಖರಾದರು.

ಬೋವಿಗೆ ಎರಡನೇ ಸೀಸನ್ನಿನಿಂದ ಕಾಲಿನ ಮೂಳೆ ಮತ್ತೆ ಮತ್ತೆ ಮುರಿಯಿತು. 2012ರ ಒಂದು ಸಾಕ್ಷ್ಯಚಿತ್ರದಲ್ಲಿ ಅವನೇ ಬಾಯಿಬಿಟ್ಟ: ಡ್ರಾಫ್ಟಿಗೆ ಮುಂಚೆ ಪೋರ್ಟ್‌ಲ್ಯಾಂಡಿನ ವೈದ್ಯರು ಮೊಳಕಾಲ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ ನೋವಿದೆಯಾ ಎಂದು ಕೇಳಿದಾಗ ಇಲ್ಲವೆಂದಿದ್ದ, ಒಳಗೆ ನೋವಿತ್ತು. ಮನೆಯವರಿಗೆ ಆಸರೆಯಾಗಬೇಕಿದ್ದ ಹುಡುಗ ಇನ್ನೇನು ಹೇಳಿಯಾನು? ತೋಳು, ಬೆನ್ನು, ಜಿಗಿತ ಎಲ್ಲವನ್ನೂ ಅಳೆದ ತಜ್ಞರ ದಂಡು ಕೊನೆಗೆ ನಂಬಿದ್ದು ಅವನ ‘ಇಲ್ಲ’ವನ್ನು. ಇಷ್ಟಾದರೂ ಅವನು ಲೀಗಿನಲ್ಲಿ ಹತ್ತು ಸೀಸನ್ ಆಡಿದ. ಹೆಸರು ಉಳಿದದ್ದು ಮಾತ್ರ ಒಂದೇ ಕಾರಣಕ್ಕೆ: ಜೋರ್ಡನ್ ಅಲ್ಲದವನು. ಭೂಮಿಯ ಮೇಲಿನ ಎಲ್ಲರೂ ಜೋರ್ಡನ್ ಅಲ್ಲದವರೇ. ಅದಕ್ಕಾಗಿ ಶಿಕ್ಷೆ ಅನುಭವಿಸಿದವನು ಇವನೊಬ್ಬ.

ಪೋರ್ಟ್‌ಲ್ಯಾಂಡ್ ಪಾಠ ಕಲಿಯಿತೇ ಎಂದರೆ, ಕಲಿಯಿತು. ಅದೇ ಪಾಠವನ್ನು ಇನ್ನೊಮ್ಮೆ. 2007ರಲ್ಲಿ ಮೊದಲ ಸರದಿ. ಏಳಡಿಯ ಗ್ರೆಗ್ ಓಡನ್‌ನೋ, ಕಡ್ಡಿಯಂಥ ಕೆವಿನ್ ಡ್ಯುರಾಂಟ್‌ನೋ ಎಂದು ತಿಂಗಳುಗಟ್ಟಲೆ ಚರ್ಚೆ. ಕಂಬೈನಿನಲ್ಲಿ ಡ್ಯುರಾಂಟ್ 185 ಪೌಂಡಿನ, ಅಂದರೆ ಸುಮಾರು 84 ಕಿಲೋ ಭಾರವನ್ನು ಬೆಂಚಿನ ಮೇಲೆ ಮಲಗಿ ಒಂದು ಸಲವೂ ಎತ್ತಲಾರದೆ ಹೋದ. ಇದು ದೊಡ್ಡ ಸುದ್ದಿಯಾಯಿತು. ಬಾಸ್ಕೆಟ್‌ಬಾಲಿನಲ್ಲಿ ಮಲಗಿಕೊಂಡು ಭಾರ ಎತ್ತುವ ಸಂದರ್ಭ ಎಷ್ಟು ಸಲ ಬರುತ್ತದೆಂದು ಯಾರೂ ಕೇಳಲಿಲ್ಲ. ಓಡನ್ ಮೊದಲ, ಡ್ಯುರಾಂಟ್ ಎರಡನೆಯವನಾಗಿ ಸಿಯಾಟಲ್‌ಗೆ. ಸೀಸನ್ ಶುರುವಾಗುವ ಮೊದಲೇ ಓಡನ್ ಮೊಣಕಾಲಿಗೆ ಶಸ್ತ್ರಚಿಕಿತ್ಸೆ, ಒಂದು ವರ್ಷ ಹೋಯಿತು. ಇಡೀ ವೃತ್ತಿಯಲ್ಲಿ ಅವನು ಆಡಿದ್ದು 105 ಪಂದ್ಯ. ಡ್ಯುರಾಂಟ್ ಆಮೇಲೆ ಎತ್ತಿದ್ದು ಎರಡು ಚಾಂಪಿಯನ್ ಟ್ರೋಫಿ, ನಿಂತುಕೊಂಡೇ.

ಹಾಗಾದರೆ ಗಾಯವಿರುವ ಎತ್ತರದವನನ್ನು ಮುಟ್ಟಬಾರದು ಎಂದು ನೀವು ನೋಟ್‌ಪುಸ್ತಕದಲ್ಲಿ ಬರೆದುಕೊಂಡಿರಾದರೆ ಅದನ್ನು ಅಳಿಸಿ. 2014ರಲ್ಲಿ ಏಳಡಿಯ ಜೊಯೆಲ್ ಎಂಬೀಡ್‌ನ ಪಾದದ ಮೂಳೆ ಮುರಿದಿತ್ತು, ಬೆನ್ನು ನೋವಿತ್ತು. ಹಾಗಾಗಿ ಮೂರನೇ ಸರದಿಗೆ ಜಾರಿದ. ಸೋಲಿನ ಸಾಧಕ ಹಿಂಕಿ ಎತ್ತಿಕೊಂಡರು. ಎಂಬೀಡ್ ಎರಡು ಸೀಸನ್ ಅಂಗಳಕ್ಕೇ ಇಳಿಯಲಿಲ್ಲ. 2023ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಾದ. ಬೋವಿಯ ಕಡತ, ಎಂಬೀಡ್‌ನ ಕಡತ ಎರಡನ್ನೂ ಹೆಸರು ಮುಚ್ಚಿ ಯಾವ ಪಂಡಿತನ ಮುಂದಿಟ್ಟರೂ ಯಾವುದು ಮೂರ್ಖತನ, ಯಾವುದು ಧೈರ್ಯ ಎಂದು ಹೇಳಲಾರ. ವ್ಯತ್ಯಾಸವಿದ್ದದ್ದು ಮೂಳೆ ಕೂಡಿಕೊಂಡದ್ದರಲ್ಲಿ. ಮೂಳೆಗೆ ಡ್ರಾಫ್ಟಿನ ಪಟ್ಟಿ ಓದಲು ಬರುವುದಿಲ್ಲ.

ವಾದಕ್ಕೆ ಎರಡು ಸಿದ್ಧಾಂತಗಳಿವೆ, ಎರಡನ್ನೂ ಬಾಯಿಪಾಠ ಮಾಡಿಕೊಂಡರೆ ನೀವೂ ಪಂಡಿತರೇ. ಒಂದು, ತಂಡದಲ್ಲಿ ಯಾವ ಜಾಗ ಖಾಲಿಯಿದೆಯೋ ಅದಕ್ಕೆ ತಕ್ಕವನನ್ನು ಆರಿಸಬೇಕು. ಇನ್ನೊಂದು, ಜಾಗ ಗೀಗ ನೋಡದೆ ಲಭ್ಯವಿರುವವರಲ್ಲಿ ಅತ್ಯುತ್ತಮನನ್ನು ಆರಿಸಬೇಕು. 1984ರಲ್ಲಿ ಪೋರ್ಟ್‌ಲ್ಯಾಂಡ್ ಮೊದಲ ಸಿದ್ಧಾಂತ ಪಾಲಿಸಿ ಕೆಟ್ಟಿತು. ಅಂದಮೇಲೆ ಎರಡನೆಯದೇ ಸರಿಯಿರಬೇಕು ಎಂದುಕೊಂಡಂತೆ 2009ರಲ್ಲಿ ಮಿನೆಸೋಟಾ ತಂಡ ಐದನೇ ಸರದಿಯಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ಆಟ ನಡೆಸುವ, ರಿಕಿ ರುಬಿಯೊನನ್ನು, ಬೆನ್ನಿಗೇ ಆರನೇ ಸರದಿಯಲ್ಲಿ ಇನ್ನೊಬ್ಬ ಪಾಯಿಂಟ್ ಗಾರ್ಡ್ ಜಾನಿ ಫ್ಲಿನ್‌ನನ್ನು ಆರಿಸಿತು. ಏಳನೇ ಸರದಿಯಲ್ಲಿ ಗೋಲ್ಡನ್ ಸ್ಟೇಟಿಗೆ ಸಿಕ್ಕವನೂ ಪಾಯಿಂಟ್ ಗಾರ್ಡೇ, ಹೆಸರು ಸ್ಟೀಫನ್ ಕರಿ. ಒಂದೇ ಜಾಗಕ್ಕೆ ಇಬ್ಬರನ್ನು ಆರಿಸಿಯೂ ಮೂರನೆಯವನನ್ನು ತಪ್ಪಿಸಿಕೊಳ್ಳುವುದು ಸಾಮಾನ್ಯರಿಂದಾಗುವ ಕೆಲಸವಲ್ಲ. ಯಾವ ಸಿದ್ಧಾಂತ ಸರಿ ಎಂದು ಕೇಳಿದರೆ ಪಂಡಿತರು ಗಂಟಲು ಸರಿಮಾಡಿಕೊಂಡು, ಫಲಿತಾಂಶ ಬಂದ ಮೇಲೆ ಹೇಳುತ್ತೇವೆ ಎನ್ನುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಒಲೆಯ ಬೆಳಕಿನಲ್ಲೇ ಇವರು ಅಂಕಣ ಬರೆಯುವುದು.

ಮೂರನೆಯ ಅಸ್ತ್ರ ಹೋಲಿಕೆ. ಹೊಸ ಹುಡುಗ ಯಾರೇ ಬರಲಿ, ಯಾರಾದರೂ ಹಳಬನ ಅವತಾರವೆಂದು ಘೋಷಿಸಬೇಕು. 1998ರಲ್ಲಿ ಜರ್ಮನಿಯ ಡರ್ಕ್ ನೋವಿಟ್ಸ್ಕಿ ಒಂಬತ್ತನೇ ಸರದಿಯಲ್ಲಿ ಬಂದು ಡಲ್ಲಾಸಿನಲ್ಲಿ ಬೆಳಗಿದ. ಆಮೇಲೆ ಕೆಲವು ವರ್ಷ ಯುರೋಪಿನಲ್ಲಿ ಎತ್ತರದ ಹುಡುಗನೊಬ್ಬ ದೂರದಿಂದ ಚೆಂಡೆಸೆದರೆ ಸಾಕು, ಮುಂದಿನ ನೋವಿಟ್ಸ್ಕಿ ಎಂದು ವಿಮಾನ ಹತ್ತುತ್ತಿದ್ದರು. 2002ರಲ್ಲಿ ಡೆನ್ವರ್ ಐದನೇ ಸರದಿಯಲ್ಲಿ ಜಾರ್ಜಿಯಾ ದೇಶದ ನಿಕೊಲೋಸ್ ಸ್ಕಿತಿಶ್ವಿಲಿಯನ್ನು ತಂದಿತು. ಅವನ ಹೆಸರು ಉಚ್ಚರಿಸಲು ಕಲಿಯುವಷ್ಟರಲ್ಲಿ ಅವನ ಆಟ ಮುಗಿದಿತ್ತು. 2003ರಲ್ಲಿ ಲೆಬ್ರಾನ್ ಜೇಮ್ಸ್ ಮೊದಲಿಗನಾಗಿ ಹೋದ ಮೇಲೆ ಡೆಟ್ರಾಯಿಟ್ ಸರದಿ. ಕಾರ್ಮೆಲೊ ಆಂಥನಿ ಇದ್ದ, ಕ್ರಿಸ್ ಬಾಶ್ ಇದ್ದ, ಡ್ವೇನ್ ವೇಡ್ ಇದ್ದ. ಡೆಟ್ರಾಯಿಟ್ ಆರಿಸಿದ್ದು ಸರ್ಬಿಯಾದ ಏಳಡಿಯ ಡಾರ್ಕೊ ಮಿಲಿಚಿಚ್‌ನನ್ನು. ಹದಿನೆಂಟು ತುಂಬಿ ಒಂದು ವಾರವೂ ಆಗದ ಹುಡುಗ.

ಡಾರ್ಕೊ ಡ್ರಾಫ್ಟಿನ ಇತಿಹಾಸದ ನಗೆಪಾಟಲು ಎಂದು ಎಲ್ಲರೂ ಒಪ್ಪಿದ್ದಾರೆ. ಡೆಟ್ರಾಯಿಟ್ ಅವನನ್ನು ಬೆಂಚಿನ ಮೇಲೆ ಕೂರಿಸಿತು. ಪಂದ್ಯ ಗೆದ್ದದ್ದು ಖಾತ್ರಿಯಾದ ಮೇಲೆ ಕೊನೆಯ ಎರಡು ನಿಮಿಷಕ್ಕೆ ಬಿಡುತ್ತಿತ್ತು. ಅದೇ ಸೀಸನ್ನಿನಲ್ಲಿ, 2004ರಲ್ಲಿ, ಡೆಟ್ರಾಯಿಟ್ ಚಾಂಪಿಯನ್. ಹತ್ತೊಂಬತ್ತು ತುಂಬುವ ಮೊದಲೇ ಡಾರ್ಕೊ ಪಾಲಿಗೆ ಚಾಂಪಿಯನ್ ಉಂಗುರ. ವೇಡ್‌ಗೆ ಅದು ಸಿಕ್ಕಿದ್ದು 2006ರಲ್ಲಿ, ಲೆಬ್ರಾನ್‌ಗೆ 2012ರಲ್ಲಿ. ಕಾರ್ಮೆಲೊ ಉಂಗುರವಿಲ್ಲದೆಯೇ ನಿವೃತ್ತನಾದ. ಡಾರ್ಕೊ ಹತ್ತು ವರ್ಷ ಲೀಗಿನಲ್ಲಿದ್ದು, ಊರಿಗೆ ಮರಳಿ ಸೇಬಿನ ತೋಟ ಮಾಡಿದ. ಅವನು ಸುಖವಾಗಿದ್ದಾನೆಂಬುದನ್ನು ಪಂಡಿತರು ಇನ್ನೂ ಕ್ಷಮಿಸಿಲ್ಲ.

ಇಲ್ಲಿ ನಮ್ಮ ದೇಶದ ಕೊಡುಗೆಯನ್ನು ಮರೆತರೆ ಅಪಚಾರವಾದೀತು. ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಮಾಲೀಕ ವಿವೇಕ್ ರಣದಿವೆ ಹುಟ್ಟಿದ್ದು ಮುಂಬೈಯಲ್ಲಿ, ಸಿರಿವಂತರಾದದ್ದು ಸಾಫ್ಟ್‌ವೇರಿನಲ್ಲಿ. ಅವರ ತಂಡ 2014ರಲ್ಲಿ ಸಾಫ್ಟ್‌ವೇರಿನಂತೆ ಡ್ರಾಫ್ಟಿಗೂ ‘3.0’ ಎಂದು ಆವೃತ್ತಿಯ ಸಂಖ್ಯೆ ಕೊಟ್ಟು, ಅಂಕಿಅಂಶ ಬಲ್ಲ ಜನಸಾಮಾನ್ಯರೇ ವಿಶ್ಲೇಷಣೆ ಕಳಿಸಿ ಎಂದು ಕರೆಯಿತು. ಅಂತೂ ಪ್ರಜಾಪ್ರಭುತ್ವ ಬಂತೆಂದು ಹಿಗ್ಗಿದವರು ಆ ದಿನದ ಕೋಣೆಯೊಳಗಿನ ವಿಡಿಯೊ ನೋಡಬೇಕು: ಮಾಲೀಕರು ನಿಕ್ ಸ್ಟಾಸ್ಕಸ್ ಹೆಸರೆತ್ತುತ್ತಾರೆ, ಸುತ್ತ ಕೂತವರಿಗೆ ತಮ್ಮ ಮನಸ್ಸಿನಲ್ಲೂ ಅದೇ ಇತ್ತೆಂದು ಹೊಳೆಯುತ್ತದೆ. ಮ್ಯಾನೇಜ್‌ಮೆಂಟಿನ ಮೀಟಿಂಗುಗಳಲ್ಲಿ ಕೂತು ತಲೆಯಾಡಿಸಿದ ಬೆಂಗಳೂರಿಗರಿಗೆ ಇದನ್ನು ವಿವರಿಸಬೇಕಿಲ್ಲ. ಎಂಟನೇ ಸರದಿಯ ಸ್ಟಾಸ್ಕಸ್‌ನನ್ನು ಮುಂದಿನ ವರ್ಷವೇ ಫಿಲಡೆಲ್ಫಿಯಾಕ್ಕೆ ದಾಟಿಸಿದರು.

2018ರಲ್ಲಿ ಅದೇ ಕಿಂಗ್ಸ್‌ಗೆ ಎರಡನೇ ಸರದಿ. ಹತ್ತೊಂಬತ್ತರ ಡಾಂಚಿಚ್ ಸ್ಪೇನಿನ ರಿಯಲ್ ಮ್ಯಾಡ್ರಿಡ್‌ನಲ್ಲಿ ದೊಡ್ಡವರ ಜೊತೆ ಆಡಿ ಯುರೋಪಿನ ಪ್ರಶಸ್ತಿಗಳನ್ನು ಬಾಚಿಕೊಂಡು ಬಂದಿದ್ದ. ಕಿಂಗ್ಸ್ ಆರಿಸಿದ್ದು ಆರಡಿ ಹನ್ನೊಂದಂಗುಲದ ಮಾರ್ವಿನ್ ಬ್ಯಾಗ್ಲಿಯನ್ನು. ಆಯ್ಕೆಯ ಹೊಣೆ ಹೊತ್ತಿದ್ದ ವ್ಲಾಡೆ ಡಿವಾಟ್ಸ್ ಸ್ವತಃ ಯುರೋಪಿನಿಂದ ಎನ್‌ಬಿಎಗೆ ಬಂದ ಮೊದಲಿಗರಲ್ಲಿ ಒಬ್ಬರು. ಅವರಿಗೆ ಇದರಲ್ಲಿ ಹಳೆಯ ಅನುಭವವೂ ಇತ್ತು: 1996ರಲ್ಲಿ ಷಾರ್ಲಟ್ ತಂಡ ಹದಿಮೂರನೇ ಸರದಿಯಲ್ಲಿ ಆರಿಸಿದ ಹದಿನೇಳರ ಹುಡುಗನನ್ನು ಲಾಸ್ ಏಂಜಲಿಸ್‌ಗೆ ಕೊಟ್ಟು ಬದಲಿಗೆ ಪಡೆದದ್ದು ಇದೇ ಡಿವಾಟ್ಸ್‌ರನ್ನು. ಹುಡುಗನ ಹೆಸರು ಕೋಬಿ ಬ್ರಯಂಟ್. ಡ್ರಾಫ್ಟಿನ ಎರಡು ಮಹಾಪ್ರಮಾದಗಳಲ್ಲಿ, ಒಮ್ಮೆ ಸರಕಾಗಿ, ಒಮ್ಮೆ ಗಿರಾಕಿಯಾಗಿ ಪಾಲ್ಗೊಂಡ ಹಿರಿಮೆ ಇನ್ಯಾರಿಗುಂಟು?

ಆಡುವುದು ಗೊತ್ತಿದ್ದವರಿಗೆ ಆರಿಸುವುದೂ ಗೊತ್ತಿರುತ್ತದಲ್ಲವೇ ಎಂಬ ಆಸೆಯೊಂದು ಉಳಿದಿತ್ತು. ಅದನ್ನು ನೆರವೇರಿಸಿದವನು ಜೋರ್ಡನ್. ನಿವೃತ್ತಿಯ ನಂತರ ವಾಷಿಂಗ್ಟನ್ ತಂಡದ ಆಡಳಿತ ವಹಿಸಿಕೊಂಡು 2001ರಲ್ಲಿ ಮೊದಲ ಸರದಿ ಪಡೆದ. ತನಗಿಂತ ಏಳಡಿಯವನನ್ನು ಮೇಲೆಂದು ಎಣಿಸಿದ ಜಗತ್ತಿಗೆ ಬುದ್ಧಿ ಕಲಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿರಲಿಲ್ಲ. ಜೋರ್ಡನ್ ಆರಿಸಿದ್ದು ಆರಡಿ ಹನ್ನೊಂದಂಗುಲದ, ಹೈಸ್ಕೂಲಿನಿಂದ ನೇರ ಬಂದ ಕ್ವಾಮೆ ಬ್ರೌನ್‌ನನ್ನು. ಮೂರನೇ ಸರದಿಯಲ್ಲಿ ಪಾವ್ ಗಸೋಲ್ ಹೋದ, ಇಪ್ಪತ್ತೆಂಟರಲ್ಲಿ ಟೋನಿ ಪಾರ್ಕರ್. ಬೋವಿ ಎಲ್ಲೋ ಕೂತು ಸುದ್ದಿ ಓದಿರಬೇಕು. ನಕ್ಕನೋ ಇಲ್ಲವೋ, ನಗುವ ಹಕ್ಕಂತೂ ಇತ್ತು.

ಸರದಿಯ ಕೊನೆಯಲ್ಲಿ ಬರುವವರ ವಿಷಯಕ್ಕೆ ಪಂಡಿತರು ಇಳಿಯುವುದೇ ಇಲ್ಲ. 2014ರಲ್ಲಿ ಡೆನ್ವರ್ 41ನೆಯವನಾಗಿ ಯಾರನ್ನೋ ಆರಿಸಿದ ಕ್ಷಣದಲ್ಲಿ ಅಮೆರಿಕದ ಟೀವಿ ವೀಕ್ಷಕರು ಟ್ಯಾಕೊ ಬೆಲ್ ತಿಂಡಿಯ ಜಾಹೀರಾತು ನೋಡುತ್ತಿದ್ದರು. ಹೆಸರು ಕೆಳಗೊಂದು ಪಟ್ಟಿಯಲ್ಲಿ ಹರಿದುಹೋಯಿತು. ಆ ಹುಡುಗನೂ ಸರ್ಬಿಯಾದಲ್ಲಿ ಗಾಢ ನಿದ್ದೆಯಲ್ಲಿದ್ದ. ಅವನು ನಿಕೊಲಾ ಯೋಕಿಚ್; 2021, 2022, 2024ರಲ್ಲಿ ಲೀಗಿನ ಶ್ರೇಷ್ಠ ಆಟಗಾರ, 2023ರಲ್ಲಿ ಚಾಂಪಿಯನ್. ಆ ರಾತ್ರಿ ಎಚ್ಚರವಾಗಿದ್ದು ತಪ್ಪಿದ ತಜ್ಞರಿಗಿಂತ ಮಲಗಿದ್ದವನೇ ಜಾಣ. ಮರುವರ್ಷ 52ನೇ ಸರದಿಯಲ್ಲಿ ಪಂಜಾಬಿನ ಬಲ್ಲೋ ಕೆ ಗ್ರಾಮದ ಸತ್ನಾಮ್ ಸಿಂಗ್‌ನನ್ನು ಡಲ್ಲಾಸ್ ಆರಿಸಿತು. ಏಳಡಿ ಎರಡಂಗುಲ, ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲಿಗ. ಅವನು ಚೆಂಡು ಹೇಗೆ ಹಿಡಿಯುತ್ತಾನೆ ಎಂಬುದಕ್ಕಿಂತ ಹೆಚ್ಚು ಚರ್ಚೆಯಾದದ್ದು ಅವನ ಹಿಂದಿರುವ ನೂರು ಚಿಲ್ಲರೆ ಕೋಟಿ ಜನರ ಬಗ್ಗೆ. ಆ ಕೋಟಿಗಳನ್ನು ಹೆಗಲ ಮೇಲೆ ಹೊತ್ತ ಹುಡುಗ ಎನ್‌ಬಿಎಯಲ್ಲಿ ಒಂದು ನಿಮಿಷವೂ ಆಡಲಿಲ್ಲ.

ಈಗ ಲೆಕ್ಕ ನೋಡೋಣ. ಅಳೆದವರು, ತೂಗಿದವರು, ವಾದಿಸಿದವರು, ಆರಿಸಿದವರು ಎಲ್ಲರೂ ನಲವತ್ತು ಐವತ್ತು ದಾಟಿದ, ಸಂಬಳ ಪಡೆಯುವ ದೊಡ್ಡವರು. ತಪ್ಪಿದ್ದು ಇವರ ಎಣಿಕೆ. ‘ಬಸ್ಟ್’, ಅಂದರೆ ಮಣ್ಣುಪಾಲಾದ ಆಯ್ಕೆ, ಎಂಬ ಹಣೆಪಟ್ಟಿ ಅಂಟಿದ್ದು ಹತ್ತೊಂಬತ್ತರ ಹುಡುಗನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ‘ನನ್ನನ್ನು ಮೊದಲು ಆರಿಸಿ’ ಎಂದು ಓಡನ್ ಯಾರ ಕಾಲನ್ನೂ ಹಿಡಿದಿರಲಿಲ್ಲ. ಸ್ವಂತ ಮೊಣಕಾಲನ್ನು ಹಿಡಿದುಕೊಳ್ಳುವುದರಲ್ಲೇ ಅವನಿಗೆ ಸಾಕಾಗಿತ್ತು. ಮೂವತ್ತು ತಂಡ, ತಂಡಕ್ಕೆ ಹದಿನೈದು ಜನ. ಭೂಮಂಡಲದಲ್ಲೆಲ್ಲ ಸುಮಾರು 450 ಕೆಲಸ. ಅದರಲ್ಲೊಂದನ್ನು ಬೋವಿ ಹತ್ತು ವರ್ಷ, ಡಾರ್ಕೊ ಹತ್ತು ವರ್ಷ, ಕ್ವಾಮೆ ಬ್ರೌನ್ ಹನ್ನೆರಡು ವರ್ಷ ಉಳಿಸಿಕೊಂಡರು. ಇವರನ್ನು ವಿಫಲರೆಂದು ಬರೆಯುವ ಪಂಡಿತ ತನ್ನ ಕಸುಬಿನ ಮೊದಲ 450 ಜನರಲ್ಲಿ ಒಂದು ವಾರವಾದರೂ ಇದ್ದಾನೆಯೇ ಎಂದು ಕೇಳುವುದು ಸಭ್ಯತೆಯಲ್ಲ, ಆದ್ದರಿಂದ ಕೇಳುತ್ತಿದ್ದೇನೆ.

ಟೀಕೆ ಮಾತ್ರ ಮಾಡಿದರೆ ಸಾಲದು, ಪರಿಹಾರವನ್ನೂ ಸೂಚಿಸಬೇಕು ಎನ್ನುತ್ತಾರೆ ಹಿರಿಯರು. ಸೂಚಿಸುತ್ತೇನೆ. ಡ್ರಾಫ್ಟಿನ ರಾತ್ರಿ ಹುಡುಗನ ಎತ್ತರ, ತೂಕ, ತೋಳಗಲ ಟೀವಿಯ ಮೇಲೆ ಬರುವಂತೆ, ಬಾಯಿ ತೆರೆದ ಪ್ರತಿಯೊಬ್ಬ ಪಂಡಿತನ ಮುಖದ ಕೆಳಗೂ ಅವನು ಹಿಂದಿನ ಹತ್ತು ವರ್ಷ ಹೇಳಿದ ಹೆಸರುಗಳು, ಆ ಹೆಸರುಗಳಿಗೆ ಆಮೇಲೆ ಒದಗಿದ ಗತಿ ಬರಬೇಕು. ಆರಿಸಿದ ಮ್ಯಾನೇಜರನಿಗೂ ಒಂದು ಟೋಪಿ ಹಾಕಿ ಹುಡುಗನ ಪಕ್ಕದಲ್ಲೇ ಫೋಟೊ ತೆಗೆಯಬೇಕು. ಮುಂದೆ ನಗೆಪಾಟಲಾಗುವ ದಿನ ಇಬ್ಬರ ಫೋಟೊವೂ ಒಟ್ಟಿಗೆ ಅಚ್ಚಾಗಲಿ. ಇನ್ನು ಮುಂದಿನ ವರ್ಷದ ಚರ್ಚೆಯಲ್ಲಿ ಮೊದಲು ಮಾತಾಡುವ ಸರದಿ ಯಾರಿಗೆ ಎಂಬುದನ್ನೂ ಲೀಗಿನ ನ್ಯಾಯದಂತೆಯೇ ಗೊತ್ತುಮಾಡಲಿ: ಹಿಂದಿನ ಸಲ ಯಾರು ಅತಿ ಹೆಚ್ಚು ತಪ್ಪಿದ್ದರೋ ಅವರಿಗೇ ಮೊದಲ ಮೈಕು. ಈ ಕೊನೆಯ ಸಲಹೆಯನ್ನು ಲೀಗಿಗೆ ಕಳಿಸಬೇಕೆಂದಿದ್ದೆ. ಒಂದು ಗಂಟೆ ಚರ್ಚೆ ನೋಡಿದ ಮೇಲೆ ಕೈಬಿಟ್ಟೆ. ಅದು ಎಂದೋ ಜಾರಿಗೆ ಬಂದಿದೆ.